ಬಿರುಗಾಳಿಯ ಮೇಲೆ ನಿಂತ ಮುಳ್ಳು

ಜೂನ್ ೧೪, ಭಾನುವಾರ

ಪುಟ್ಟೀ,

ಬಿರುಗಾಳಿ ಬಾಗಿಲಿಗೆ ಹೇಳಿಯೇ ಬರುತ್ತದೆ. ಇಂಥದೊಂದು ಸಾಲು ಎಲ್ಲಿ ಓದಿದ್ದೆನೋ, ಅರ್ಧ ಮರೆತಿದೆ. ನಿಜಕ್ಕೂ ಹೇಳಿ ಬರುತ್ತದೆಯೇ? ನಿನಗೆ ಉತ್ತರ ತಡವಾದದ್ದು ಈ ಪ್ರಶ್ನೆಯಿಂದಲೇ, ಬೇಜಾರು ಮಾಡಿಕೊಳ್ಳಬೇಡ.

ಹುಬ್ಬಿನ ಹೊಲಿಗೆ ಬಿಚ್ಚಿಸಿದ ಮೇಲೆ ಗೆಳತಿಯ ಮನೆಯಿಂದ ಗಂಡನ ಹತ್ತಿರ ಮರಳುತ್ತೇನೆ ಎಂದು ಬರೆದಿದ್ದೀಯ. ಗಾಳಿಯ ಒತ್ತಡ ಇಳಿದಾಗಲೇ ಅವನಿಗೆ ತಲೆ ಸಿಡಿದು ಕೈ ಏಳುವುದು, ಥೇಟ್ ಅಪ್ಪನ ಹಾಗೆ, ಎನ್ನುತ್ತೀಯ. ನಮ್ಮ ಮನೆಯ ಗೋಡೆಯ ಮೇಲಿನ ಹಳೇ ವಾಯುಭಾರ ಮಾಪಕ, ಅದೇ ಬ್ಯಾರೋಮೀಟರು, ಕಳಿಸಿದರೆ ಮುಳ್ಳು ನೋಡಿಕೊಂಡು ಹುಷಾರಾಗಿರುತ್ತೇನೆ ಎಂದಿದ್ದೀಯ.

ಅದರ ಮುಳ್ಳು ಬಿಲ್ಲೆಯಲ್ಲಿ ಬರೆದಿದ್ದ ‘ಬಿರುಗಾಳಿ’ಯ ಮೇಲೆ ನಿಂತರೆ ನಾವಿಬ್ಬರೂ ತುಟಿ ಪಿಟಕ್ಕೆನ್ನದೆ ಪಕ್ಕದ ಮನೆಯ ಹೊಲಿಗೆಯಮ್ಮನಲ್ಲಿಗೆ ಓಡಬೇಕೆಂದು ಅಮ್ಮನ ಕಟ್ಟಪ್ಪಣೆಯಿತ್ತಲ್ಲ. ಒಮ್ಮೆ ನಾನು ಪೆನ್ಸಿಲ್ ಹುಡುಕುತ್ತ ಹಿಂದುಳಿದೆ. ಅಪ್ಪ ಅಮ್ಮನ ಕೂದಲು ಹಿಡಿದು ಮುಖವನ್ನು ಆ ಮಾಪಕದ ಗಾಜಿಗೇ ಅಪ್ಪಳಿಸಿದ. ‘ನಿನ್ನ ಯಂತ್ರ ಇದನ್ನ ಹೇಳ್ಲಿಲ್ವೇನೇ?’ ಎಂದು ನಕ್ಕು ಮತ್ತೆ ಅಪ್ಪಳಿಸಿದ. ಗಾಜು ಸೀಳಿತು. ಅಮ್ಮನ ಹಲ್ಲೊಂದು ನನ್ನ ಪಾದದ ಬಳಿ ಬಿತ್ತು. ಆಮೇಲೆ ರಕ್ತ ಒರೆಸಿಕೊಳ್ಳುತ್ತ ಅವಳು ಅಂದದ್ದಿಷ್ಟೇ: ‘ಇವತ್ತು ಗಾಳಿ ಸರಿ ಇರ್ಲಿಲ್ಲ ಕಣೇ.’

ಮೊನ್ನೆ ನಿನಗೆ ಕಳಿಸೋಣವೆಂದು ಅದನ್ನು ಗೋಡೆಯಿಂದ ಇಳಿಸಿ, ಬೆನ್ನಿನ ಪುಟ್ಟ ಬಾಗಿಲು ತೆರೆದೆ. ಹಳಬರ ಉಪಾಯ ಚೆಂದ. ಕೊಕ್ಕೆಯಂತೆ ಬಾಗಿದ ಕೊಳವೆಯಲ್ಲಿ ಪಾದರಸ, ಅದರ ಮೇಲೆ ತೇಲುವ ಗಾಜಿನ ಗುಂಡು. ಗುಂಡಿಗೆ ಕಟ್ಟಿದ ರೇಷ್ಮೆ ದಾರ ಪುಟ್ಟ ರಾಟೆಯನ್ನು ತಿರುಗಿಸಿದರೆ ಎದುರಿನ ಮುಳ್ಳು ತಿರುಗಬೇಕು. ಆದರೆ ದಾರವನ್ನು ಯಾರೋ ಕತ್ತರಿಯಲ್ಲಿ ಕತ್ತರಿಸಿದ್ದರು. ರಾಟೆ ಜಾರದಂತೆ ಹಸಿರು ಬಟ್ಟೆಯ ಚೂರು ತುರುಕಿದ್ದರು. ಅಮ್ಮನ ಹಳೇ ಲಂಗದ್ದು, ನೋಡಿದೊಡನೆ ಗುರುತು ಸಿಕ್ಕಿತು.

ಆ ಮುಳ್ಳಿಗೆ ಗಾಳಿಯ ಗಂಧವೇ ಇರಲಿಲ್ಲ. ತಿರುಗಿಸುತ್ತಿದ್ದದ್ದು ಅಮ್ಮನ ಬೆರಳು.

ಅಪ್ಪ ಹೊಡೆದದ್ದು ಹವೆಯಿಂದಲ್ಲ, ಪುಟ್ಟೀ. ಹೊಡೆಯಬೇಕೆಂದು ಹೊಡೆದ. ನಿನ್ನವನೂ ಅಷ್ಟೇ. ಮಾಪಕ ಕಳಿಸುವುದಿಲ್ಲ, ನೀನೇ ಇಲ್ಲಿಗೆ ಬಾ. ಗಾಯ ಬೇಗ ಮಾಯಲಿ, ನಿನಗೆ ಒಳ್ಳೆಯದಾಗಲಿ.

ನಿನ್ನ
ಅಕ್ಕ

ತಾ.ಕ.: ಹೊಲಿಗೆಯಮ್ಮ ಬಂದಿದ್ದರು, ಎಲ್ಲ ಹೇಳಿದೆ. ಅವರಿಗೆ ಆಗಲೇ ಗೊತ್ತಿತ್ತಂತೆ. ಬೀದಿಯ ತುದಿಯಲ್ಲಿ ಅಪ್ಪನ ಹೆಜ್ಜೆ ಸದ್ದು ಕೇಳಿಯೇ ಅಮ್ಮ ಮುಳ್ಳು ತಿರುಗಿಸುತ್ತಿದ್ದಳಂತೆ. ಹೊರಟವರು ಬಾಗಿಲಲ್ಲಿ ನಿಂತು ಅಂದರು: ‘ಆವಾಗೆಲ್ಲ ನಾನು ಮೂರು ಹಾಸಿಗೆ ಹಾಸಿರ್ತಿದ್ದೆ ಕಣಮ್ಮ. ನೀವಿಬ್ರೇ ಬರ್ತಿದ್ರಿ. ಆ ಮೂರನೇದು ಇನ್ನೂ ಹಾಗೇ ಇದೆ, ನಿನ್ನ ತಂಗಿಗೆ ಬರಿ.’