ನೆಟ್ಟಗಿರೋ ತೆಂಗಿನಮರ

ಅಪ್ಪಾ,

ಹೊನ್ನವಳ್ಳೀಲಿ ಒಬ್ಬ ಮೊಮ್ಮಗಳಿದ್ದಳಂತೆ. ಕಥೆ ಹೇಳಿ ಸಾಕಿದ ಅಜ್ಜಿಗೆ ಲಕ್ವ ಹೊಡೆದು ಮಾತೂ ಬಲಗೈಯೂ ಬಿದ್ದುಹೋದಾಗ, ಬಣ್ಣ ತುಂಬಿದರೆ ಬೆರಳಾಡಬಹುದು ಅಂತ ತಿಪಟೂರಿಂದ ಗಿಡಮರದ ಚಿತ್ರವಿರೋ ಎರಡು ಪುಸ್ತಕ ತಂದಳಂತೆ. "ಮುದುಕಿಗೆ ಅಂಗನವಾಡಿ ಪುಸ್ತಕವೇನೇ?" ಅಂತ ಅವಳಪ್ಪ ನಕ್ಕನಂತೆ.

ಆ ಅಪ್ಪ ನೀನೇ. ಇವತ್ತು ನಗದೆ ಅಜ್ಜಿಯನ್ನ ಬಣ್ಣಕ್ಕೆ ಕೂರಿಸು.

ಕಾಡಿನ ಪುಸ್ತಕ ಕೊಡಬೇಡ, ಎಲೆಗಳು ಸಾಸಿವೆಯಷ್ಟಿವೆ. ಇನ್ನೊಂದರಲ್ಲಿ ಸಮುದ್ರದ ದಡದ ತೆಂಗಿನಮರ ಗುಡಿಸಲ ಮೇಲೆ ಬಾಗಿದೆ. ಅಜ್ಜಿ ಅದಕ್ಕೆ ಬಣ್ಣ ಸೋಕಿಸಲಿಲ್ಲ. ಸೊಟ್ಟ ಬಾಯಲ್ಲೇ "ಕಡ್ಸು" ಅಂತು. ಈ ತಿಂಗಳೆಲ್ಲ ಆಡಿದ್ದು ಅದೊಂದೇ ಮಾತು. ಸಮುದ್ರ ಕಾಣದ ಜೀವ, ಮನೆ ಮೇಲೆ ಬೀಳೋ ಮರ, ಕಡಿಸಿಬಿಡಬೇಕು ಅಂದುಕೊಂಡಿದೆ. ನೆಟ್ಟಗಿರೋದು ಬರೆದುಕೊಡ್ತೀನಿ ಅಂತ ನಿನ್ನ ಮಗಳು ಮಾತು ಕೊಟ್ಟಳು.

ಸ್ಕೆಚ್ ಪೆನ್ ಬೇಡ, ಹಿಂದಿನ ಹಾಳೆಗೆ ಇಳಿಯುತ್ತೆ. ದಪ್ಪ ಕ್ರೆಯಾನ್ ಕೊಡು.
ಕೈ ಹಿಡಿದು ನೀನೇ ತಿದ್ದಬೇಡ. ಮೊನ್ನೆ ಹಾಗೆ ಮಾಡಿದ್ದಕ್ಕೆ ಅಜ್ಜಿ ಅತ್ತುಬಿಟ್ಟಿತು.
ಆ ಕೈ ಇನ್ನು ಬರಲ್ಲ ಅಂತ ಡಾಕ್ಟರು ಹೇಳಿದ್ದು ನಿನ್ನ ಮಗಳಿಗೂ ಗೊತ್ತು ಕಣಪ್ಪ. ಆದರೂ ಬಣ್ಣದ ಡಬ್ಬಿ ಎದುರಿಗಿಡು.

ಎಂಟರ ಬಸ್ಸಿಗೆ ಅವಳು ಕೆಲಸಕ್ಕೆ ಹೊರಟಿದ್ದಾಳೆ. ಬೆಳಿಗ್ಗೆ ಕಾಫಿಗೆ ಮುಂಚೆಯೇ ಕೂತು, ಸ್ಕೇಲಿಟ್ಟು, ನೆಟ್ಟಗಿರೋ ಮರ ಬರೆದು ಅಜ್ಜಿಯ ಮುಂದಿಟ್ಟಳು. ಅಜ್ಜಿ ಬಣ್ಣ ಎತ್ತಿಕೊಳ್ಳಲಿಲ್ಲ. ಎಡಗೈಲಿ ಬುಡದಿಂದ ಸುಳಿವರೆಗೆ ಒಂದು ಸಲ ಸವರಿ ನೋಡಿತು, ಈ ಸಲ "ಕಡ್ಸು" ಅನ್ನದೆ ಗೋಡೆ ಕಡೆ ತಿರುಗಿ ಮಲಗಿತು.

ನಿಸರ್ಗ