ಬಲ ಮೂಲೆಯ ಎರಡಕ್ಷರ

ಜನವರಿ 9, ಬೆಳಿಗ್ಗೆ

ಔಷಧಿ ಅಂಗಡಿ ಬೋರ್ಡಿಗೆ ಎರಡನೇ ಕೋಟ್. ಬಣ್ಣ ಗಟ್ಟಿಯಾಗಿದೆ, ಟರ್ಪೆಂಟೈನ್ ತರಬೇಕು. ಸೊಂಟ ನೋವು. ಈ ಬೀದಿಯಲ್ಲಿ ಮರದ ಹಲಗೆ, ಕೈಬರಹ ಮಾತ್ರ. ಹಳೆ ಬೀದಿ ಹಳೆಯದಾಗಿಯೇ ಉಳಿಯಲಿ ಅಂತ ನಗರಸಭೆಯ ನಿಯಮ. ಅದರಿಂದಲೇ ಅರವತ್ತೆರಡನೇ ವಯಸ್ಸಿಗೂ ನನಗೆ ಅನ್ನ.

ಟೈಲರ್ ಸಿಕ್ಕಿದ್ದರು. ಅಕ್ಕನ ಅಂಗಡಿಯಲ್ಲಿ ಕಪ್ಪು ನೂಲು ಕೇಳಿದರೆ ಅವಳು ಕಡುನೀಲಿ ಕೊಟ್ಟಳಂತೆ. ಎರಡನೇ ಸಲ. "ನಿಮ್ಮಕ್ಕನಿಗೆ ವ್ಯಾಪಾರದ ಮೇಲೆ ಗಮನವೇ ಇಲ್ಲ" ಅಂದರು. ಇಬ್ಬರೂ ನಕ್ಕೆವು.

ಜನವರಿ 17

ಅಕ್ಕ ಲೈಟ್ ಬೋರ್ಡು ಹಾಕಿಸಿದ್ದಾಳೆ. ಗುಂಡಿ, ನೂಲು ಮಾರುವ ಅಂಗಡಿಗೆ ಬಾಗಿಲಗಲದ ಪೆಟ್ಟಿಗೆ, ಒಳಗಿಂದ ಕೆಂಪು ಬೆಳಕು. ಕಣ್ಣು ಕುಕ್ಕುತ್ತದೆ. ಹಗಲಲ್ಲೂ ಆರಿಸುವುದಿಲ್ಲ. ನನಗೊಂದು ಮಾತು ಹೇಳಲಿಲ್ಲ. ನನ್ನ ಹಲಗೆ ಇಳಿಸಿ ಒಳಗೆ ಗೋಡೆಗೆ ಒರಗಿಸಿದ್ದಾಳೆ.

ಹತ್ತೊಂಬತ್ತನೇ ವಯಸ್ಸಿನಲ್ಲಿ ಬರೆದದ್ದು ಅದು. ನನ್ನ ಮೊದಲ ಬೋರ್ಡು, ಹಸಿರಿನ ಮೇಲೆ ಹಳದಿ. ಅಮ್ಮ ಹೋದ ಮೇಲೆ ಸಾಕಿದವಳು ಅಕ್ಕ. ಮೊದಲ ಬ್ರಶ್ ಕೊಡಿಸಿದವಳೂ ಅವಳೇ. ಪೇಂಟರು ಹೆಸರು ಹಾಕುವ ಬಲ ಮೂಲೆಯಲ್ಲಿ ಹೆಸರು ಹಾಕದೆ, ಸಣ್ಣದಾಗಿ 'ತಮ್ಮ' ಅಂತ ಬರೆದಿದ್ದೆ.

"ಯಾಕಕ್ಕಾ?"

"ಕಾಣ್ಲಿ ಅಂತ."

"ಯಾರಿಗೆ?"

"ಕಾಣ್ಬೇಕಾದವ್ರಿಗೆ."

ಗುಂಡಿ ಎಣಿಸುತ್ತಲೇ ಇದ್ದಳು. ತಲೆ ಎತ್ತಲಿಲ್ಲ.

ಜನವರಿ 25

ಬೀದಿಯವರ ಸಮಿತಿ ಸಭೆ. ಕೊಡೆ ಮೇಷ್ಟ್ರು ಅಧ್ಯಕ್ಷರು — ಮಳೆಯಿರಲಿ ಬಿಡಲಿ, ಕಂಕುಳಲ್ಲಿ ಕೊಡೆ. ಲೈಟ್ ಬೋರ್ಡು ತೆಗೆಸಿ ಅಂತ ನಗರಸಭೆಗೆ ಕೊಡುವ ಅರ್ಜಿಗೆ ಇಪ್ಪತ್ತಮೂರು ಸಹಿ ಆಗಲೇ ಆಗಿತ್ತು. "ನೀವು ಬೇರೆ ಒಂದು ಪತ್ರ ಬರ್ಕೊಡಿ, ಅದಕ್ಕೆ ತೂಕ ಜಾಸ್ತಿ. ಅಕ್ಕ ಅಂತ ಬಿಟ್ರೆ ನಾಳೆ ಎಲ್ರೂ ಹಾಕ್ತಾರೆ" ಅಂದರು.

ಬರೆದೆ. 'ಈ ಬೋರ್ಡು ಬೀದಿಯ ಅಂದಕ್ಕೆ ಕಳಂಕ. ಯಾರಿಗೂ ವಿನಾಯಿತಿ ಕೂಡದು.' ಅಡಿಯಲ್ಲಿ ಪೂರ್ತಿ ಹೆಸರು, ಸಹಿ. ಸುಳ್ಳೇಕೆ ಹೇಳಲಿ, ಬರೆಯುವಾಗ ಹೊಟ್ಟೆ ತಣ್ಣಗಾಯಿತು.

ಫೆಬ್ರವರಿ 6

ತರಕಾರಿ ಅಂಗಡಿ ಮುಂದೆ ಅಕ್ಕ ಎದುರಾದಳು. ಎರಡೇ ಮಾರು ದೂರ. ನನ್ನ ಮುಖವನ್ನೇ ನೋಡಿ, ಸುಮ್ಮನೆ ಮುಂದೆ ನಡೆದಳು. ಸರಿ. ಅವಳಿಗಷ್ಟು ಬಿಗುಮಾನವಿದ್ದರೆ ನನಗೆ ಅದರ ಎರಡರಷ್ಟಿದೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲವೆ.

ಮಾರ್ಚ್ 12

ಆದೇಶ ಬಂತು. ಏಳು ದಿನದಲ್ಲಿ ಲೈಟ್ ಬೋರ್ಡು ತೆಗೆಯಬೇಕು. "ನಿಮ್ಮ ಪತ್ರವೇ ಕೆಲಸ ಮಾಡ್ತು" ಅಂದರು ಮೇಷ್ಟ್ರು. ಸಮಿತಿಯವರೆಲ್ಲ ಕೈ ಕುಲುಕಿದರು.

ಮನೆಯಲ್ಲಿ ಹೆಂಡತಿ, "ಊರಿಗೆ ಉಪಕಾರಿ, ಮನೆಗೆ ಮಾರಿ" ಅಂದು ಊಟ ಬಡಿಸಿ ಒಳಗೆ ಹೋದಳು.

ಮಾರ್ಚ್ 17

ಹಳೆ ಹಲಗೆ ಕೇಳಿ ತಂದೆ. ಅಕ್ಕ ಸುಮ್ಮನೆ ಕೊಟ್ಟಳು. ಇಷ್ಟಾದರೂ ಮಾಡೋಣ ಅಂತ ಸ್ಯಾಂಡ್ ಪೇಪರ್ ಹಾಕಿ ಪೂರ್ತಿ ಉಜ್ಜಿದೆ. ಪ್ರೈಮರ್, ಎರಡು ಕೋಟ್. ಈ ಸಲ ಕಡುಗೆಂಪು, ಬಿಳಿ ಅಕ್ಷರ. ಅಂಗಡಿ ಹೆಸರು ಬಿಟ್ಟು ಬೇರೇನೂ ಇರಕೂಡದು ಎಂಬುದೂ ನಿಯಮವೇ. ಬಲ ಮೂಲೆ ಖಾಲಿ ಬಿಟ್ಟೆ. ನಿಯಮ ಅನ್ನುವುದು ನೆಪ. ಸಿಟ್ಟು ಇನ್ನೂ ಇತ್ತು.

ಮಾರ್ಚ್ 19, ಸಂಜೆ

ಲೈಟ್ ಪೆಟ್ಟಿಗೆ ಇಳಿಸಿದ ಜಾಗದಲ್ಲಿ ಹಲಗೆ ಕೂರಿಸಿ ಅಕ್ಕನನ್ನು ಕರೆದೆ. ಬಾಗಿಲು ಹಿಡಿದುಕೊಂಡು ಹೊರಗೆ ಬಂದಳು. ತಲೆ ಎತ್ತಿದಳು.

"ಚೆನ್ನಾಗಿದೆ ಕಣೋ. ಅದೇ ಹಸಿರು."

ಏಣಿಯಿಂದ ಇಳಿದು ಬಂದು ಕೇಳಿದೆ. "ಯಾವಾಗಿಂದ ಅಕ್ಕಾ?"

"ಎರಡು ವರ್ಷ ಆಯ್ತು. ಕಣ್ಣಿನ ನರ ಒಣಗ್ತಿದೆ, ಹೋದದ್ದು ಬರಲ್ಲ ಅಂದ್ರು ಡಾಕ್ಟ್ರು. ಈಗ ಬೆಳಕು ಮಾತ್ರ ಗೊತ್ತಾಗುತ್ತೆ. ಮೂಲೆ ತಿರುಗಿದ್ರೆ ಆ ಪೆಟ್ಟಿಗೆ ಕೆಂಪಗೆ ಕಾಣ್ತಿತ್ತು. ಅದನ್ನೇ ಹಿಡ್ಕೊಂಡು ನಡೀತಿದ್ದೆ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಅಂಗಡಿ ಮುಚ್ಚಿಸಿ ಮನೇಲಿ ಕೂರಿಸ್ತಿದ್ದೆ. ಗುಂಡಿ ಬೆರಳಿಗೇ ಗೊತ್ತಾಗುತ್ತೆ ಮಾರಾಯ. ನೂಲಿನ ಬಣ್ಣ ಒಂದೇ ಮೋಸ ಮಾಡೋದು." ಆಮೇಲೆ, ಬೇರೆ ಯಾರದೋ ವಿಷಯ ಹೇಳುವ ಹಾಗೆ, "ಆದೇಶದ ಜೊತೆ ಬಂದಿದ್ದ ಆ ಪತ್ರಾನ ಟೈಲರ್ ಹತ್ರ ಓದಿಸ್ದೆ. ಕೊನೇಲಿ ಸಹಿ ಯಾರದ್ದು ಅಂದೆ. ಅವ್ರು ಬಾಯಿ ಬಿಡ್ಲಿಲ್ಲ. ಆಗ್ಲೇ ತಿಳೀತು" ಅಂದಳು.

ತರಕಾರಿ ಅಂಗಡಿ ಮುಂದೆ ಅವಳು ನನ್ನನ್ನು ನೋಡಿರಲೇ ಇಲ್ಲ.

ಮಾರ್ಚ್ 21

ಮೇಷ್ಟ್ರ ಮನೆಗೆ ಹೋದೆ. ಎಲ್ಲ ಕೇಳಿ ಕೊಡೆ ಕೆಳಗಿಟ್ಟರು. ಅವರ ಕೈ ಖಾಲಿ ನೋಡಿದ್ದು ಇದೇ ಮೊದಲು. "ಪಾಪ. ಆದ್ರೆ ಯಾರಿಗೂ ವಿನಾಯಿತಿ ಕೂಡದು ಅಂತ ನೀವೇ ಬರೆದಿದ್ದೀರಲ್ಲ" ಅಂದರು. ಮೆಲ್ಲಗೇ ಅಂದರು.

ನಗರಸಭೆಯಲ್ಲಿ ಗುಮಾಸ್ತ ಫೈಲ್ ತೆಗೆದ. ಮೇಲೆಯೇ ನನ್ನ ಪತ್ರ. ಮುಂದಿನ ಸಭೆ ಜೂನ್‌ನಲ್ಲಂತೆ. "ಅಕ್ಷರ ಮುತ್ತಿನ ಹಾಗಿದೆ ಸಾರ್" ಅಂದ.

ಮಾರ್ಚ್ 22

ದಿನಾ ನಾನೇ ಕರೆದುಕೊಂಡು ಹೋಗಿ ಬರುತ್ತೇನೆ ಅಂದೆ. ಅಕ್ಕ ಒಪ್ಪಿದ್ದಾಳೆ. ಬೆಳಿಗ್ಗೆ ಒಂಬತ್ತಕ್ಕೆ.

ಏಪ್ರಿಲ್ 3

ಇವತ್ತು ಹತ್ತು ನಿಮಿಷ ತಡವಾಯಿತು. ಬ್ರಶ್ ತೊಳೆಯುತ್ತಿದ್ದೆ. ಹತ್ತೇ ನಿಮಿಷ.

ಒಬ್ಬಳೇ ಹೊರಟಿದ್ದಾಳೆ. ತನ್ನ ಅಂಗಡಿ ದಾಟಿದ್ದು ತಿಳಿಯದೆ ಬೀದಿ ಕೊನೆಯ ಮೆಟ್ಟಿಲವರೆಗೂ ಹೋಗಿ ಬಿದ್ದಿದ್ದಾಳೆ. ಎಡ ಮಣಿಕಟ್ಟು ಮುರಿದಿದೆ. ಪ್ಲಾಸ್ಟರ್ ಹಾಕುವಾಗ, "ಸಾಕು ಕಣೋ, ಅಂಗಡಿ ಮುಚ್ಚೋಣ" ಅಂದಳು. ನಲವತ್ಮೂರು ವರ್ಷದ ಅಂಗಡಿ. ಯಾರೂ ಕೂಗಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ 10

ಅಂಗಡಿ ಖಾಲಿ. ಗುಂಡಿ ಡಬ್ಬಗಳನ್ನೆಲ್ಲ ಟೈಲರ್ ತೆಗೆದುಕೊಂಡರು. ನಾಳೆ ಎಂಟಕ್ಕೆ ಅಕ್ಕ ನಮ್ಮ ಮನೆಗೇ ಬರುತ್ತಾಳೆ, ಇರಲು.

ಕೊನೆಗೆ ಹಲಗೆ ಇಳಿಸಿದೆ. "ಇಲ್ಲಿ ಕೊಡು" ಅಂದು ತೊಡೆ ಮೇಲೆ ಇಟ್ಟುಕೊಂಡಳು. ಬಲಗೈ ಬೆರಳು ಕೆಳ ಅಂಚಿನಲ್ಲಿ ಜಾರುತ್ತ ಬಲ ಮೂಲೆಗೆ ಹೋಯಿತು. ನಿಂತಿತು. ಹಿಂದೆ ಬಂತು. ಮತ್ತೆ ಹೋಯಿತು.

"ಇಲ್ಲಿತ್ತಲ್ಲೋ?"

"ಇದೆ ಅಕ್ಕಾ. ಬಣ್ಣ ತೆಳುವಾಗಿದೆ, ಕೈಗೆ ಸಿಗಲ್ಲ."

"ಹೌದಾ" ಅಂದಳು. ಹಲಗೆ ನನ್ನ ಕಡೆ ಚಾಚಿ, "ನನ್ನ ಮಂಚದ ಪಕ್ಕ ಇಡು. ದಿನಾ ಮುಟ್ಟಿದ್ರೆ ಸಿಗಬಹುದು."

ಏಪ್ರಿಲ್ 11, ಬೆಳಿಗ್ಗೆ 5

ಹಲಗೆ ಮುಂದಿದೆ. ಬಣ್ಣ ದಪ್ಪಗೆ ಕಲಸಿಕೊಂಡೆ, ಬೆರಳಿಗೆ ಸಿಗುವ ಹಾಗೆ. ಎರಡೇ ಅಕ್ಷರ. ಊರಿನ ಬೋರ್ಡುಗಳನ್ನೆಲ್ಲ ಬರೆದ ಕೈ, ಮೂರು ಸಲ ಅಳಿಸಿ ಬರೆದೆ. ಈಗ ಸರಿಯಾಗಿದೆ. ಆದರೆ ಇಷ್ಟು ದಪ್ಪದ ಬಣ್ಣ ಒಣಗಲು ಒಂದಿಡೀ ದಿನ ಬೇಕು. ಅವಳು ಎಂಟಕ್ಕೆ ಬರುತ್ತಾಳೆ. ಬಂದವಳೇ ಮೊದಲು ಮುಟ್ಟುವುದು ಇದನ್ನೇ. ಮುಟ್ಟಿದರೆ ಹಸಿ ಬಣ್ಣ ಬೆರಳಿಗೆ ಹತ್ತಿಕೊಂಡು, ನಿನ್ನೆಯವರೆಗೆ ಅಲ್ಲಿ ಏನೂ ಇರಲಿಲ್ಲ ಅನ್ನುವುದು ಅವಳಿಗೆ ತಿಳಿದುಬಿಡುತ್ತದೆ.