ಸೀಟಿನ ಸಂದಿಯ ಪಿಸ್ತೂಲು

ಪೈಕ್‌ವಿಲ್, ಕೆಂಟಕಿ
ಗುರುವಾರ

ಪ್ರೀತಿಯ ವೆಂಡೆಲ್,

ಭಾನುವಾರ ಚರ್ಚ್ ಮುಗಿಸಿಕೊಂಡು ಈ ಕಡೆ ಬಂದು ನಿನ್ನ ಪಿಸ್ತೂಲು ತೆಗೆದುಕೊಂಡು ಹೋಗು. ಅತ್ತಿಗೆಯ ಪೈ ತಟ್ಟೆಯೂ ಇಲ್ಲೇ ಉಳಿದಿದೆ.

"ಬೆಟ್ಟದ ದಾರೀಲಿ ಫೋನೂ ಸಿಗಲ್ಲ, ಇಟ್ಕೋ. ಪೊಲೀಸರು ತಡೆದ್ರೆ ಮಾತ್ರ ಎರಡೂ ಕೈ ಸ್ಟಿಯರಿಂಗ್ ಮೇಲೆ ಕಾಣೋ ಹಾಗಿಡು" ಎಂದು ನೀನು ಕೊಟ್ಟದ್ದು ತಂಗಿಯ ಮೇಲಿನ ಪ್ರೀತಿಯಿಂದಲೇ. ಕಾರಿನ ಸೀಟಿನ ಸಂದಿಯಲ್ಲಿ ಯಾರಿಗೂ ಕಾಣದಂತೆ ಇಟ್ಟುಕೊಂಡೆ. ರೋಗಿಗಳ ಮನೆಮನೆಗೆ ಅಲೆಯುವ ನರ್ಸಿಗೆ ಅದೊಂದು ಧೈರ್ಯವೇ ಆಗಿತ್ತು.

ಹೋದ ವಾರ ಬೆಟ್ಟದ ಮೇಲಿನ ಮುದುಕ ಟ್ಯಾಕೆಟ್ ಅವರ ಹೆಂಡತಿಯ ಕಾಲಿಗೆ ಬ್ಯಾಂಡೇಜು ಬದಲಿಸಿ ಹೊರಟೆ. ಸ್ವಲ್ಪ ದೂರ ಬರುವಷ್ಟರಲ್ಲಿ ಒಂದು ಪಿಕಪ್ ಗಾಡಿ ಲೈಟು ಮಿಟುಕಿಸುತ್ತ ಬೆನ್ನು ಹತ್ತಿತು. ಕಲ್ಲಿದ್ದಲ ರೈಲಿಗೆಂದು ಗೇಟು ಹಾಕಿತ್ತು, ನಿಲ್ಲಲೇಬೇಕಾಯಿತು. ಯಾರೋ ಗಾಜು ತಟ್ಟಿದರು. ಪಿಸ್ತೂಲು ಎತ್ತಿ ಹಿಡಿದೇ ತಿರುಗಿದೆ.

ಟ್ಯಾಕೆಟ್ ನಿಂತಿದ್ದರು, ಕೈಯಲ್ಲಿ ನನ್ನ ಸ್ಟೆತಸ್ಕೋಪು. "ನಿಧಾನ ಕಣಮ್ಮ, ನೀನು ಇದನ್ನ ನಮ್ಮನೇಲೇ ಬಿಟ್ಟು ಬಂದಿದ್ದೆ, ಅದಕ್ಕೇ ತಂದೆ" ಎಂದರು. ನನ್ನ ಬೆರಳು ಟ್ರಿಗರ್ ಮೇಲಿತ್ತು, ವೆಂಡೆಲ್.

ಅವರು ಯಾರಿಗೂ ಹೇಳಿಲ್ಲ. ಇವತ್ತು ಮತ್ತೆ ಅಲ್ಲಿಗೆ ಹೋಗಿದ್ದೆ. ನನ್ನ ಕಾರು ಅಂಗಳಕ್ಕೆ ಬಂದದ್ದೇ ತಡ, ಮುದುಕ ಕುರ್ಚಿಯಿಂದ ಕಷ್ಟಪಟ್ಟು ಎದ್ದರು. ಎರಡೂ ಕೈಗಳನ್ನು ನನಗೆ ಕಾಣುವ ಹಾಗೆ ಜಗಲಿಯ ಕಂಬಿಯ ಮೇಲೆ ಇಟ್ಟರು. ನಾನು ಇಳಿದು ಬರಿಗೈಯಲ್ಲಿ ಹತ್ತಿರ ಹೋಗುವವರೆಗೂ ತೆಗೆಯಲಿಲ್ಲ.

ಭಾನುವಾರ ತಪ್ಪಿಸಬೇಡ.

ನಿನ್ನ ತಂಗಿ,
ವರ್ನಾ